ಎರಡು ರೈಫಲ್‌ಗಳಲ್ಲಿ ಭಾರದ್ದು

...ಅಥವಾ ಎರಡೂ ರೈಫಲ್‌ಗಳು ಒಂದೇ ದಿನ ಒಂದೇ ಮೇಜಿನ ಮೇಲೆ ಇರಲೇ ಇಲ್ಲವೇನೋ. ನನ್ನ ತಲೆಯೊಳಗೆ ಅವು ಅಕ್ಕಪಕ್ಕ ಮಲಗಿವೆ. ಎಡಕ್ಕೆ ಮರದ ಹಿಡಿಯ ಹಗುರಾದದ್ದು, ಬಲಕ್ಕೆ ಅಲ್ಯುಮಿನಿಯಂ ಮೈಯ ಭಾರದ್ದು, ಕೆಳಗೆ ಹಸಿರು ಬೆಡ್‌ಶೀಟು. ಈ ಬೆಡ್‌ಶೀಟಿನ ಬಗ್ಗೆ ನನಗೆ ಅನುಮಾನ. ಅದು ಆಸ್ಪತ್ರೆಯ ಹಸಿರು. ಅಪ್ಪನ ಕೊನೆಯ ತಿಂಗಳುಗಳಿಂದ ಸರಿದು ಬಂದು, ಅದಕ್ಕಿಂತ ಎಷ್ಟೋ ಮೊದಲಿನ ಭಟ್ಕಳದ ಆ ಮೇಜಿನ ಮೇಲೆ ಹಾಸಿಕೊಂಡಿರಬಹುದು. ಬೆಡ್‌ಶೀಟನ್ನು ತೆಗೆದುಬಿಡುತ್ತೇನೆ. ಮೇಜು ಉಳಿಯುತ್ತದೆ, ರೈಫಲ್‌ಗಳು ಉಳಿಯುತ್ತವೆ, ಅವುಗಳ ಮುಂದೆ ನಿಂತ ಅಪ್ಪ ಉಳಿಯುತ್ತಾನೆ.

ಅಪ್ಪ ಭಾರದ್ದನ್ನು ತೆಗೆದುಕೊಂಡ. ಇಷ್ಟು ಖಂಡಿತ, ಏಕೆಂದರೆ ಅದು ಆಮೇಲೆ ನಮ್ಮ ಮನೆಯಲ್ಲೇ ಇತ್ತು. ಆ ಹೊತ್ತಿಗೆ ಅವನ ಎಡಗೈ ನಡುಗಲು ಶುರುವಾಗಿತ್ತೆ, ಅದು ಅವನಿಗೆ ತಿಳಿದಿತ್ತೆ, ತಿಳಿದೇ ಭಾರದ್ದನ್ನು ಆರಿಸಿದನೆ ಎಂಬುದು ನನ್ನ ಪ್ರಶ್ನೆ. ಇದಕ್ಕಾಗಿ ಆ ಮಧ್ಯಾಹ್ನವನ್ನು ಎಷ್ಟೋ ಸಲ ಮತ್ತೆ ಜೋಡಿಸಿದ್ದೇನೆ. ಪ್ರತಿ ಸಲವೂ ಅದು ಸ್ವಲ್ಪ ಬೇರೆ ಥರ ಕೂರುತ್ತದೆ.

ಅಪ್ಪ ಬೋಟಿನ ಮೇಲೆ ಹೆಸರು ಬರೆಯುವ ಪೇಂಟರ್. ಮನೆ ಕುಮಟಾದಲ್ಲಿ, ಕೆಲಸ ಹೊನ್ನಾವರ, ಭಟ್ಕಳ, ಎಲ್ಲಿ ಬೋಟು ಕಟ್ಟಿದ್ದರೆ ಅಲ್ಲಿ. ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ ಬಿದ್ದು ಬೋಟುಗಳೆಲ್ಲ ದಡಕ್ಕೆ ಬಂದಾಗ ಅವನಿಗೆ ಬಿಡುವಿಲ್ಲ. ಮೇಲೆ ತಾಡಪಾಲು ಕಟ್ಟಿಸಿಕೊಂಡು, ಬಲಗೈಯಲ್ಲಿ ಬ್ರಷ್ಷು, ಎಡಗೈಯಲ್ಲಿ ಬಣ್ಣದ ಡಬ್ಬ ಹಿಡಿದು, ಅಡ್ಡಹಲಗೆಯ ಮೇಲೆ ನಿಂತು ಬರೆಯುತ್ತಿದ್ದ. ಉದ್ದ ಗೆರೆ ಎಳೆಯುವಾಗ ಅರ್ಧ ಉಸಿರು ಬಿಟ್ಟು, ಉಳಿದರ್ಧ ಒಳಗೇ ಹಿಡಿದು, ಗೆರೆ ಮುಗಿದ ಮೇಲೆ ಬಿಡುತ್ತಿದ್ದ. ಚಿಕ್ಕವಳಿದ್ದಾಗ ಕೆಳಗೆ ನಿಂತು ನಾನೂ ಅವನ ಜೊತೆ ಉಸಿರು ಹಿಡಿಯುತ್ತಿದ್ದೆ ಎಂದು ಬರೆಯಬೇಕೆನಿಸುತ್ತದೆ. ಚೆನ್ನಾಗಿ ಕಾಣುತ್ತದೆ, ನಿಜವೋ ಏನೋ.

ಭಟ್ಕಳದಲ್ಲಿ ಒಬ್ಬ ಸಾಹೇಬರು ಗಲ್ಫಿನಿಂದ ಬಂದು, ಹಳೆಯ ಗೋದಾಮಿನ ಮಹಡಿಯಲ್ಲಿ ಏರ್ ರೈಫಲ್ ಕಲಿಸುವ ಚಿಕ್ಕ ರೇಂಜ್ ಮಾಡಿದರು. ಬಾಗಿಲ ಮೇಲಿನ ಬೋರ್ಡು ಬರೆಯಲು ಅಪ್ಪನನ್ನು ಕರೆಸಿದರು. ಬರೆದು ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದವನ ಕೈಗೆ ತಮಾಷೆಗೆಂದು ಒಂದು ರೈಫಲ್ ಕೊಟ್ಟರಂತೆ. ಹತ್ತು ಮೀಟರ್ ದೂರದ ಕಾಗದ, ಅದರ ನಡುವೆ ಕರಿ ಬೊಟ್ಟು. ಅಪ್ಪ ಹೊಡೆದದ್ದು ಬೊಟ್ಟಿನ ನಡುವಿಗೇ ಹೋಯಿತಂತೆ. ಎರಡನೆಯದೂ ಅಲ್ಲೇ ಪಕ್ಕದಲ್ಲಿ.

"ಪೇಂಟರ್ ಸಾಬ್, ನಿಮ್ಗೆ ಉಸಿರು ಹಿಡಿಯೂದು ನಾನು ಕಲಿಸೂದೇ ಬ್ಯಾಡ. ಹುಡುಗ್ರಿಗೆ ಅದಕ್ಕೇ ಒಂದು ವರ್ಷ ಬೇಕಾಗ್ತದೆ" ಎಂದರಂತೆ ಸಾಹೇಬರು.

ಅರವತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಸ ಹುಚ್ಚು ಹಿಡಿಯುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಮಾತು ಕಡಿಮೆ ಮಾಡಿದ್ದ ಅಪ್ಪ ಮತ್ತೆ ಮಾತಾಡತೊಡಗಿದ. ವಾರಕ್ಕೊಮ್ಮೆ ಕುಮಟಾದಿಂದ ರೈಲು ಹತ್ತಿ ಭಟ್ಕಳಕ್ಕೆ ಹೋಗಿ ಬರುತ್ತಿದ್ದ. ರಾಜ್ಯದ ಸ್ಪರ್ಧೆಯಲ್ಲಿ ಹಿರಿಯರಿಗೆ ಬೇರೆ ವಿಭಾಗ ಉಂಟು, ಅಲ್ಲಿ ಒಂದು ಸಲ ನಿಂತು ಅರವತ್ತು ಗುಂಡನ್ನೂ ಹೊಡೆದು ಬರಬೇಕು ಎಂಬುದು ಅವನ ಆಸೆ. ಗೆಲ್ಲುವ ಮಾತು ಅವನು ಆಡಿದ್ದು ನನಗೆ ನೆನಪಿಲ್ಲ. "ಒಂದ್ಸಲ ಪೂರಾ ನಿಂತು ಬರೂದು" ಎನ್ನುತ್ತಿದ್ದ. ರೇಂಜಿನ ರೈಫಲ್ ಕಲಿಯುವವರಿಗೆಲ್ಲ ಒಂದೇ ಆದ್ದರಿಂದ ಸ್ಪರ್ಧೆಗೆ ಸ್ವಂತದ್ದು ಬೇಕಿತ್ತು. ಯಾರೋ ಆಟ ಬಿಟ್ಟವರ ಎರಡು ರೈಫಲ್ ಸಾಹೇಬರ ಹತ್ತಿರ ಬಂದಿವೆ ಎಂದು ಫೋನ್ ಬಂದಾಗ ಅಪ್ಪ ನನ್ನನ್ನೂ ಕರೆದ. ನಾನು ಹೊನ್ನಾವರದಲ್ಲಿ ಟೀಚರಾಗಿದ್ದೆ. ಹೊನ್ನಾವರ ಸ್ಟೇಷನ್ನಿನಲ್ಲಿ ಅವನ ಡಬ್ಬಿ ಹತ್ತಿದೆ.

ಈಗ ಆ ಮಧ್ಯಾಹ್ನ.

ಸಾಹೇಬರು ರೈಫಲ್ ಆರಿಸುವ ರೀತಿ ವಿಚಿತ್ರವಾಗಿತ್ತು. ಮೊದಲು ಗುಂಡು ಹೊಡೆಯಲು ಬಿಡಲಿಲ್ಲ. "ಕಣ್ಣು ಮುಚ್ಚಿ. ಎತ್ತಿ ಭುಜಕ್ಕೆ ಇಡಿ, ಕೆನ್ನೆ ತಾಗಿಸಿ. ಈಗ ಕಣ್ಣು ಬಿಡಿ. ಬೊಟ್ಟು ಎದುರಿಗೆ ಬಂದು ಕೂತಿದ್ರೆ ಅದು ನಿಮ್ದು. ನೀವು ಕುತ್ತಿಗೆ ಚಾಚಿ ಬೊಟ್ಟು ಹುಡುಕಬೇಕಾಯ್ತು ಅಂದ್ರೆ ಅದು ಬ್ಯಾರೆಯವ್ರದ್ದು."

ಅಪ್ಪ ಮರದ್ದನ್ನು ಎತ್ತಿ ಕಣ್ಣು ಬಿಟ್ಟ. ಅವನ ಮುಖ ಸಡಿಲವಾದದ್ದು ನೋಡಿದರೆ ಗೊತ್ತಾಗುತ್ತಿತ್ತು, ಬೊಟ್ಟು ಎದುರಿಗೇ ಇದೆ ಎಂದು.

"ಕೂತದೆ" ಎಂದ.

ಅಲ್ಯುಮಿನಿಯಮ್ಮಿನದನ್ನು ಎತ್ತಿದಾಗ ಕತ್ತು ಚಾಚಿದ. ಕೆನ್ನೆ ಇಡುವ ಪಟ್ಟಿಯನ್ನು ಸಾಹೇಬರು ಚಾವಿಯಿಂದ ಸಡಿಲಿಸಿ ಮೇಲೆ ಕೆಳಗೆ ಮಾಡಿದರು, ಭುಜಕ್ಕೆ ಒರಗುವ ತುದಿಯನ್ನು ಉದ್ದ ಗಿಡ್ಡ ಮಾಡಿದರು. ತುಂಬ ಹೊತ್ತು ಹಿಡಿಯಿತು.

"ಭಾರದ್ದು ಬೇಗ ಅಲ್ಲಾಡೂದಿಲ್ಲ. ಹಗುರಾದ್ದು ನಿಮ್ಮ ಎದೆ ಬಡ್ಕೊಂಡ್ರೂ ಅಲ್ಲಾಡ್ತದೆ. ಆದ್ರೆ ಭಾರದ್ದು ಬೆನ್ನು ಬೇಡ್ತದೆ. ಅರವತ್ತು ಗುಂಡು ಮುಗಿಯೂ ತನಕ ಎತ್ತೂದು, ಇಳಿಸೂದು. ನಿಮ್ಮ ವಯಸ್ಸಿಗೆ ನಾನು ಮರದ್ದೇ ಹೇಳ್ತೆ."

"ನನ್ನ ವಯಸ್ಸು ನಿಮ್ಗೆ ಎಂತಕೆ ಸಾಹೇಬ್ರೆ? ಹೆಣ್ಣು ನೋಡೂಕೆ ಬಂದದ್ದಲ್ವಲ್ಲ."

"ನೋಡೂಕೆ ಬಂದವ್ರು ಇಷ್ಟು ತಕರಾರು ಮಾಡೂದಿಲ್ಲ, ಪೇಂಟರ್ ಸಾಬ್. ಚಾ ಕುಡ್ದು ಹೋಗ್ತರೆ."

ಆಮೇಲೆ ಎರಡರಲ್ಲೂ ಹೊಡೆದ. ಮರದ್ದರಲ್ಲಿ ಗುಂಡುಗಳು ಬೊಟ್ಟಿನ ಎಡಕ್ಕೂ ಬಲಕ್ಕೂ ಚದುರಿದವು. ಭಾರದ್ದರಲ್ಲಿ ಹತ್ತಿರ ಹತ್ತಿರ ಬಿದ್ದವು. ಕೆನ್ನೆಗೆ ಮರದ್ದು ಕೂತಿತ್ತು, ಕಾಗದದ ಮೇಲೆ ಭಾರದ್ದು ಕೂತಿತ್ತು. ಅಪ್ಪ ಎರಡೂ ಕಾಗದಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತುಂಬ ಹೊತ್ತು ನೋಡಿದ ಎಂದು ನಾನು ಬರೆಯುತ್ತೇನೆ. ಈಗ ಕೊನೆ ಗೊತ್ತಿರುವುದರಿಂದ ಅದು ತುಂಬ ಹೊತ್ತಾಗಿ ಕಾಣುತ್ತಿರಬಹುದು. ಮುದುಕರು ಕನ್ನಡಕದಲ್ಲಿ ಏನನ್ನಾದರೂ ನೋಡುವುದಕ್ಕೆ ಬೇಕಾಗುವಷ್ಟೇ ಹೊತ್ತು ಇದ್ದಿರಬಹುದು.

ವಾಪಸು ಬರುವಾಗ ರೈಲಿನಲ್ಲಿ ಎದುರಿನ ಸೀಟಿಗೆ ಮುರ್ಡೇಶ್ವರದಲ್ಲಿ ಒಬ್ಬಳು ಮೀನಿನ ಹೆಂಗಸು ಖಾಲಿ ಬುಟ್ಟಿ ಇಟ್ಟುಕೊಂಡು ಕೂತಳು. ರೈಫಲಿನ ಉದ್ದ ಪೆಟ್ಟಿಗೆಯನ್ನು ನೋಡಿ, "ಎಂತದು ಅದು? ಭಜನೆಯ ಬಾಜಾಪೆಟ್ಟಿಗೆಯಾ?" ಎಂದಳು.

"ಬಂದೂಕು" ಎಂದ ಅಪ್ಪ.

"ಸುಳ್ಳು ಹೇಳೂಕೂ ಒಂದು ಮೋರೆ ಬೇಕು ಮಾರಾಯ್ರೆ. ನಿಮ್ಮ ಮೋರೆ ನೋಡಿದ್ರೆ ಕಾಗೆನೂ ಹಾರೂದಿಲ್ಲ."

ಅಪ್ಪ ನಕ್ಕ. ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎರಡೂ ಕೈಯನ್ನು ಅದರ ಮೇಲೆ ಒತ್ತಿ ಹಿಡಿದಿದ್ದ. ಎಡಗೈಯ ಮೇಲೆ ಬಲಗೈ. ಇದನ್ನು ನಾನು ನೋಡಿದೆನೆ, ಅಥವಾ ಆಮೇಲಿನ ವರ್ಷಗಳಲ್ಲಿ ಅವನು ಸದಾ ಹಾಗೆ ಕೂರುತ್ತಿದ್ದದ್ದನ್ನು ಎತ್ತಿ ತಂದು ಈ ರೈಲಿನಲ್ಲಿ ಕೂರಿಸಿದ್ದೇನೆಯೆ? ಹೊರಗೆ ಶರಾವತಿ ಬಂದಾಗ ಅಪ್ಪ ಎದ್ದು ಬಾಗಿಲಿಗೆ ಹೋಗಲಿಲ್ಲ. ಪ್ರತಿ ಸಲ ಹೋಗುತ್ತಿದ್ದ. ಇದೂ ಅನುಮಾನವೇ.

ಈ ರೈಫಲ್ಲಿಗೆ ಬೇಕಾದದ್ದು ಒತ್ತಿ ತುಂಬಿದ ಗಾಳಿ. ನಳಿಗೆಯ ಕೆಳಗಿನ ಚಿಕ್ಕ ಸಿಲಿಂಡರಿಗೆ ಅದನ್ನು ತುಂಬಿಸಬೇಕು. ಸೈಕಲ್ ಅಂಗಡಿಯ ಗಾಳಿ ನಡೆಯುವುದಿಲ್ಲ. ಅಷ್ಟು ಒತ್ತಡದ ಗಾಳಿ ನಮ್ಮ ಕಡೆ ಸಿಗುವುದು ಮುರ್ಡೇಶ್ವರದಲ್ಲಿ, ಪ್ರವಾಸಿಗರನ್ನು ಸಮುದ್ರದ ತಳಕ್ಕೆ ಇಳಿಸುವವರ ಹತ್ತಿರ. ಅಲ್ಲಿನ ಒಬ್ಬ ಮುಳುಗುಗಾರ ಅಪ್ಪನಿಗೆ ದೋಸ್ತಿಯಾದ. ಮೊದಲ ದಿನ ಅಪ್ಪ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ:

"ತಮಾ, ಈ ಗಾಳಿಯಲ್ಲಿ ಉಪ್ಪು ಇರೂದಿಲ್ವಾ?"

"ಉಪ್ಪಿದ್ರೆ ನಾವೆಲ್ಲ ಯಾವತ್ತೋ ಒಣಮೀನು ಆಗ್ತಿದ್ವು ಅಜ್ಜಾರೆ."

ಉಪ್ಪಿನ ಮಾತು ಇಲ್ಲಿಂದ ಶುರುವಾಗುತ್ತದೆ. ನಮ್ಮ ಕರಾವಳಿಯಲ್ಲಿ ಏನು ಕೆಟ್ಟರೂ ಉಪ್ಪುಗಾಳಿಯ ಮೇಲೆ ಹಾಕುತ್ತೇವೆ. ಬೀಗ ತಿರುಗದಿದ್ದರೆ ಉಪ್ಪುಗಾಳಿ, ಫ್ಯಾನು ಕಿರುಗುಟ್ಟಿದರೆ ಉಪ್ಪುಗಾಳಿ, ಫೋನು ಸತ್ತರೆ, ಗ್ರಿಲ್ಲು ಉದುರಿದರೆ, ಗೋಡೆ ಉಬ್ಬಿದರೆ ಉಪ್ಪುಗಾಳಿ. ಮುಕ್ಕಾಲು ಪಾಲು ಅದು ನಿಜವೂ ಹೌದು. ಹಾಗಾಗಿ ಉಳಿದ ಕಾಲು ಪಾಲನ್ನು ಯಾರೂ ಕೇಳುವುದಿಲ್ಲ. ರೈಫಲ್ ಮನೆಗೆ ಬಂದ ಕೆಲವು ತಿಂಗಳಿಗೆ ಭಾರದ್ದರಲ್ಲೂ ಗುಂಡುಗಳು ಚದುರಲು ಶುರುವಾದಾಗ ನಾವು ಮೂವರೂ, ಅಪ್ಪ, ನಾನು, ಸಾಹೇಬರು, ಒಂದೇ ಬಾಯಲ್ಲಿ ಉಪ್ಪುಗಾಳಿ ಎಂದೆವು.

ಅಪ್ಪ ನಳಿಗೆಯೊಳಗೆ ಬಟ್ಟೆಯ ತುಂಡು ತೂರಿಸಿ ಎಳೆದ. ತುಂಡು ಚೊಕ್ಕಟವಾಗಿ ಬಂತು. "ಕಣ್ಣಿಗೆ ಕಾಣೂದಿಲ್ಲ ಅದು" ಎಂದ. ಪೆಟ್ಟಿಗೆಯೊಳಗೆ ಅಕ್ಕಿಯ ಗಂಟು ಇಟ್ಟ, ತೇವ ಹೀರಲಿ ಎಂದು. ಸಾಹೇಬರು ಬೇರೆ ಕಂಪನಿಯ ಗುಂಡುಗಳನ್ನು ತರಿಸಿ ಕೊಟ್ಟರು. ಎರಡು ವಾರ ಪರವಾಗಿಲ್ಲ ಅನಿಸಿತು. ಆಮೇಲೆ ನಳಿಗೆಯ ಮೇಲೆ ಸಿಕ್ಕಿಸುವ ಪುಟ್ಟ ಪುಟ್ಟ ಭಾರದ ಬಿಲ್ಲೆಗಳು ಬಂದವು. ನಿಯಮದಂತೆ ರೈಫಲ್ ಐದೂವರೆ ಕೆಜಿ ದಾಟಬಾರದು. ಅದರ ಅಂಚಿನ ತನಕ ಅಪ್ಪ ಬಿಲ್ಲೆ ಏರಿಸಿದ. ಒಂದೊಂದು ಬಿಲ್ಲೆ ಏರಿಸಿದಾಗಲೂ ಗುಂಡುಗಳು ಸ್ವಲ್ಪ ದಿನ ಹತ್ತಿರ ಬರುತ್ತಿದ್ದವು, ಮತ್ತೆ ದೂರ ಹೋಗುತ್ತಿದ್ದವು.

ಇದನ್ನು ಬರೆಯುವಾಗ ಓದುವವರಿಗೆ ಎಲ್ಲ ಕಾಣುತ್ತದೆ ಎಂದು ಗೊತ್ತು. ರೈಫಲಿನ ಭಾರವೆಲ್ಲ ಕೂರುವುದು ಎಡಗೈಯ ಮೇಲೆ, ನಡುಗುತ್ತಿದ್ದದ್ದು ಆ ಕೈಯೇ. ಬರೆಯುವ ಬಲಗೈಗೆ ಏನೂ ಆಗಿರಲಿಲ್ಲ, ಅಕ್ಷರಗಳು ಎಂದಿನಂತೆ ನೇರವಾಗಿದ್ದವು, ಆದ್ದರಿಂದ ಯಾರೂ ಕೈಯನ್ನು ಅನುಮಾನಿಸಲಿಲ್ಲ. ಬಣ್ಣದ ಡಬ್ಬವನ್ನು ಅಪ್ಪ ಆಗಲೇ ಕೈಯಲ್ಲಿ ಹಿಡಿಯುವುದು ಬಿಟ್ಟು ಹಲಗೆಯ ಮೇಲೆ ಇಡತೊಡಗಿದ್ದ ಎಂದು ನನಗೆ ಒಂದು ನೆನಪಿದೆ. ಡಾಕ್ಟರು ಕಂಪವಾತ ಎಂದು ಹೇಳಿದ ದಿನದವರೆಗೆ ಈ ನೆನಪು ನನ್ನಲ್ಲಿ ಇರಲಿಲ್ಲ. ಅಂದು ಸಂಜೆ ಬಂತು. ಎಲ್ಲಿಂದ ಬಂತು ಎಂದು ನಾನು ಹೇಳಲಾರೆ.

ಮಳೆಗೆ ಮುಂಚೆ ಅಪ್ಪ ತೀರ್ಮಾನ ಮಾಡಿದ: ಉಪ್ಪುಗಾಳಿ ತಾಗದ ಜಾಗದಲ್ಲಿ ಒಮ್ಮೆ ಹೊಡೆದು ನೋಡಬೇಕು. ಸಮುದ್ರದಿಂದ ದೂರ, ಘಟ್ಟದ ಕಡೆಯ ಕತಗಾಲದಲ್ಲಿ ಅವನ ಜೊತೆ ಶಾಲೆಗೆ ಹೋಗಿದ್ದ ಹೆಗಡೇರು ಒಬ್ಬರು ಪಂಪು, ಮೋಟರು ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದರು. ಅಲ್ಲಿಗೆ ಹೋದೆವು. ಶೆಡ್ಡಿನ ಉದ್ದ ಹತ್ತು ಮೀಟರಿಗಿಂತ ಜಾಸ್ತಿಯೇ ಇತ್ತು. ಒಂದು ತುದಿಯಲ್ಲಿ ಜೇಡಿಮಣ್ಣು ತುಂಬಿದ ಡಬ್ಬಕ್ಕೆ ಕಾಗದ ಅಂಟಿಸಿದೆವು. ಇನ್ನೊಂದು ತುದಿಯಲ್ಲಿ ತಿರುಪು ತಿರುಗಿಸಿ ಬಿಗಿಯುವ ಕಬ್ಬಿಣದ ಇಕ್ಕಳವಿದ್ದ ಗಟ್ಟಿ ಬೆಂಚು. ರೈಫಲಿಗೆ ಗಾಯವಾಗದಂತೆ ಹಳೆಯ ಸ್ಕೂಟರಿನ ಟ್ಯೂಬು ಸುತ್ತಿ ಅದನ್ನು ಇಕ್ಕಳದಲ್ಲಿ ಬಿಗಿದು, ಅಪ್ಪ ಬೆರಳು ಮಾತ್ರ ಆಡಿಸಿ ಹೊಡೆದ. ಐದು ಗುಂಡು. ಕಾಗದ ತಂದು ನೋಡಿದರೆ ಒಂದೇ ತೂತು. ಅಂಚು ಮಾತ್ರ ಚೂರು ಹರಿದಿತ್ತು.

"ನೋಡು" ಎಂದ ಅಪ್ಪ ನನಗೆ. ಖುಷಿಯಲ್ಲಿ ಹೇಳಿದ. "ಹೇಳ್ಲಿಲ್ವ ನಾನು? ಇಲ್ಲಿ ಗಾಳಿ ಒಣ."

ಆಮೇಲೆ ಇಕ್ಕಳದಿಂದ ಬಿಡಿಸಿ, ದಪ್ಪ ಜಾಕೆಟ್ ಹಾಕಿಕೊಂಡು, ನಿಂತು, ಕೈಯಲ್ಲಿ ಹಿಡಿದು ಹೊಡೆದ. ಮತ್ತೆ ಐದು. ನಾನು ಹೋಗಿ ಕಾಗದ ತಂದೆ. ಒಂದು ಬೊಟ್ಟಿನ ಹೊರಗೇ ಬಿದ್ದಿತ್ತು. ಉಳಿದವು ಅಲ್ಲೊಂದು ಇಲ್ಲೊಂದು.

ಹೆಗಡೇರು ಎರಡೂ ಕಾಗದ ಪಕ್ಕ ಪಕ್ಕ ಇಟ್ಟು ನೋಡಿ, ಯಾವ ಯೋಚನೆಯೂ ಇಲ್ಲದೆ, "ಬಂದೂಕಲ್ಲಿ ಎಂತದೂ ದೋಷ ಇಲ್ಲೆ ಮಾರಾಯ" ಎಂದರು.

ಹೇಳಿಬಿಟ್ಟ ಮೇಲೆ ಅವರಿಗೆ ಅರ್ಥವಾಯಿತು. ಅಪ್ಪನ ಕೈ ನೋಡಿದರು, ಬಾಗಿಲ ಕಡೆ ನೋಡಿದರು.

"ಇಲ್ಲಿ ಬೆಳಕೂ ಸಮ ಇಲ್ಲೆ, ನೋಡು" ಎಂದರು.

"ಹೌದು" ಎಂದ ಅಪ್ಪ. "ಬೆಳಕು ಸಮ ಇಲ್ಲ."

ಚಾ ಬಂತು. ಇಬ್ಬರೂ ಯಾವುದೋ ಮೇಷ್ಟರ ಬಗ್ಗೆ ಮಾತಾಡಿದರು, ಆ ಮೇಷ್ಟರು ಯಾರಿಗೆ ಹೊಡೆದಿದ್ದು, ಯಾಕೆ ಹೊಡೆದಿದ್ದು ಎಂದು. ಕಪ್ಪನ್ನು ಅಪ್ಪ ಬಲಗೈಯಲ್ಲಿ ಹಿಡಿದಿದ್ದ. ಎಡಗೈ ಜಾಕೆಟ್ಟಿನ ಕಿಸೆಯಲ್ಲಿತ್ತೆಂದು ಬರೆಯಲು ಹೊರಟೆ. ಆ ಜಾಕೆಟ್ಟಿಗೆ ಕಿಸೆಯೇ ಇರಲಿಲ್ಲ. ಎಡಗೈ ಎಲ್ಲಿತ್ತೋ.

ಕುಮಟಾಕ್ಕೆ ಮರಳುವ ದಾರಿಯಲ್ಲಿ ನಾನು ಕಾರು ಓಡಿಸುತ್ತಿದ್ದೆ. ಅಪ್ಪ ಒಂದೇ ಒಂದು ಮಾತಾಡಿದ. "ಮಗಾ, ಸಾಹೇಬ್ರಿಗೆ ಹೇಳೂದು ಬ್ಯಾಡ." ಏನನ್ನು ಎಂದು ನಾನು ಕೇಳಲಿಲ್ಲ. ಆತು ಎಂದೆ.

ಮಳೆ ಹಿಡಿಯಿತು. ಮುರ್ಡೇಶ್ವರದಲ್ಲಿ ಸಮುದ್ರಕ್ಕೆ ಇಳಿಯುವುದು ನಿಂತು ಗಾಳಿಯೂ ನಿಂತಿತು. ಕೈಪಂಪು ತರಿಸಿದೆವು. ಅದನ್ನು ಒತ್ತುವುದು ಬಾವಿಯಿಂದ ನೀರು ಸೇದುವುದಕ್ಕಿಂತ ಕಷ್ಟ. ಭಾನುವಾರ ಕುಮಟಾಕ್ಕೆ ಬಂದಾಗ ನಾನೇ ಒತ್ತುತ್ತಿದ್ದೆ. ಅಪ್ಪ ಪಕ್ಕದಲ್ಲಿ ಒತ್ತಡದ ಮುಳ್ಳು ನೋಡುತ್ತ ನಿಲ್ಲುತ್ತಿದ್ದ. "ಇನ್ನು ಸ್ವಲ್ಪ. ಇನ್ನು ಸ್ವಲ್ಪ." ಮನೆಯ ಉದ್ದ ಜಗಲಿಯಲ್ಲಿ ಅಭ್ಯಾಸ ಮಾಡುತ್ತಿದ್ದ. ನಾನಿದ್ದಾಗ ಹೊಡೆಯುತ್ತಿರಲಿಲ್ಲ. ಎತ್ತಿ, ಹಿಡಿದು, ಇಳಿಸುವುದನ್ನಷ್ಟೇ ಮಾಡುತ್ತಿದ್ದ.

ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ಹೊರಡುವ ಹಿಂದಿನ ದಿನ ಫೋನ್ ಮಾಡಿ, "ಈ ಸಲ ಬೋಟಿನವ್ರು ಬಿಡೂದಿಲ್ಲ ಮಗಾ. ಹೆಸರು ಬರೆಯೂದು ರಾಶಿ ಅದೆ. ಮುಂದಿನ ವರ್ಷ ನೋಡ್ವ" ಎಂದ.

ಆ ವರ್ಷ ಹೊನ್ನಾವರದ ಬಂದರಿನಲ್ಲಿ ಬಹಳ ಬೋಟುಗಳು ಅಂಗಡಿಯಲ್ಲಿ ಕತ್ತರಿಸಿ ತಂದ ಸ್ಟಿಕ್ಕರ್ ಅಕ್ಷರಗಳನ್ನೇ ಅಂಟಿಸಿಕೊಂಡಿದ್ದವು. ಅಪ್ಪನಿಗೆ ರಾಶಿ ಕೆಲಸ ಇರಲಿಲ್ಲ. ಅದು ನನಗೆ ಗೊತ್ತಿತ್ತು, ನನಗೆ ಗೊತ್ತು ಎಂದು ಅವನಿಗೂ ಗೊತ್ತಿತ್ತು. "ಹೌದು, ಕೆಲಸ ಬಿಡೂಕಾಗ್ತದಾ" ಎಂದೆ.

ಮುಂದಿನ ವರ್ಷ ಬರುವ ಮೊದಲೇ ಬಲಗೈಗೂ ನಡುಕ ಹಿಡಿಯಿತು. ಆಮೇಲಿನದನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಯ ಕೊನೆಯ ವರ್ಷಗಳ ಬಗ್ಗೆ ನನ್ನ ನೆನಪುಗಳು ತೀರ ಸ್ಪಷ್ಟವಾಗಿವೆ. ಅಷ್ಟು ಸ್ಪಷ್ಟವಾದದ್ದನ್ನು ಇನ್ನೊಮ್ಮೆ ನೋಡುವ ಆಸೆ ನನಗಿಲ್ಲ.

ಅಪ್ಪ ಹೋದ ಮೇಲೆ, ಹೋದ ವರ್ಷ, ರೈಫಲನ್ನು ಭಟ್ಕಳಕ್ಕೆ ತೆಗೆದುಕೊಂಡು ಹೋದೆ. ಯಾರಿಗಾದರೂ ಉಪಯೋಗವಾಗಲಿ ಎಂದು. ಸಾಹೇಬರಿಗೆ ಮೊಣಕಾಲು ನೋವು, ಕುರ್ಚಿಯಲ್ಲಿ ಕೂತೇ ಕಲಿಸುತ್ತಿದ್ದರು. ಪೆಟ್ಟಿಗೆ ತೆರೆದು, ನಳಿಗೆಯ ಮೇಲಿನ ಬಿಲ್ಲೆಗಳ ಸಾಲನ್ನು ನೋಡಿ, ಒಂದೊಂದಾಗಿ ಬೆರಳಿನಿಂದ ಮುಟ್ಟಿದರು.

"ಇಷ್ಟೆಲ್ಲ ಏರಿಸಿದ್ರಾ?"

"ಹೌದು."

ಕತಗಾಲದ ವಿಷಯ ಆಗ ಹೇಳಿದೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಆಗದೆ ಇರುವುದಕ್ಕೆ ಅವರ ವಯಸ್ಸೂ ಕಾರಣವಿರಬಹುದು. ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ಆರಿಸಿದ ದಿನವೇ ನಿಮಗೆ ಅವನ ಕೈ ಕಂಡಿತ್ತೆ? ಕಂಡೇ ಭಾರದ್ದನ್ನು ಕೊಟ್ಟಿರೆ? ಅಥವಾ ಅವನೇ ತಿಳಿದು ಕೇಳಿದನೆ?

"ನಾನು ಮರದ್ದು ಹೇಳಿದ್ದೆ" ಎಂದರು.

"ಅದು ನೆನಪಿದೆ."

"ಅವ್ರೂ ಮರದ್ದೇ ಹಿಡ್ಕೊಂಡಿದ್ರು. ಪೆಟ್ಟಿಗೆಗೆ ಹಾಕೂಕೆ ಹೊರಟಿದ್ರು. ನೀವೇ ಅಲ್ವ ಹೇಳಿದ್ದು?"

"ನಾನು?"

"ನೀವು. ಕಾಗದ ಎರಡೂ ಕಿಟಕಿ ಹತ್ರ ಹಿಡಿದು ನೋಡಿದ್ರಿ. 'ಅಪ್ಪ, ಮರದ್ದು ಬ್ಯಾಡ, ಭಾರದ್ದೇ ತಗೊ' ಅಂದ್ರಿ. ಅವ್ರು ನಿಮ್ಮ ಮೋರೆ ನೋಡಿದ್ರು. ಆಮೇಲೆ ಮರದ್ದು ಕೆಳಗಿಟ್ರು. ನಿಮ್ಗೆ ನೆನಪಿಲ್ವಾ?"

ನನಗೆ ನೆನಪಿಲ್ಲ. ಸಾಹೇಬರ ಎದುರು ಕೂತು ಹುಡುಕಿದೆ, ಮನೆಗೆ ಬಂದು ಹುಡುಕಿದೆ, ಇದನ್ನು ಬರೆಯುತ್ತ ಹುಡುಕುತ್ತಿದ್ದೇನೆ. ಅವರ ಮಾತು ಕೇಳಿದ ಮೇಲೆ ಕಿಟಕಿಯ ಹತ್ತಿರ ನಿಂತದ್ದು ನಾನೇ ಎಂದು ಈಗ ಕೆಲವೊಮ್ಮೆ ಕಾಣುತ್ತದೆ. ಅದನ್ನು ನಂಬಲಾರೆ, ಅದು ಅವರು ಕೊಟ್ಟದ್ದು. ಅವರಿಗೂ ವಯಸ್ಸಾಗಿದೆ, ಎಷ್ಟೋ ಅಪ್ಪ ಮಕ್ಕಳು ಅವರ ಮೇಜಿನ ಮುಂದೆ ನಿಂತು ಹೋಗಿದ್ದಾರೆ.

ಆರಿಸಿದ್ದು ಅಪ್ಪನೋ ನಾನೋ ನನಗೆ ಗೊತ್ತಿಲ್ಲ. ನಾನೇ ಆಗಿದ್ದರೆ, ಆ ಕಾಗದಗಳಲ್ಲಿ ನಾನು ಏನು ಕಂಡೆ ಎಂಬುದೂ, ನನ್ನ ಮುಖದಲ್ಲಿ ಅಪ್ಪ ಏನು ಕಂಡ ಎಂಬುದೂ ಗೊತ್ತಿಲ್ಲ.